ಕೊರೊನಾ ಕಲಿಸಿದ ಪಾಠ ಹವಾಮಾನಕ್ಕೂ ಬೇಕು

ಕಾಸರಗೋಡು: 2020ರ ಮಾರ್ಚ್ ಕೊನೆಯ ವಾರ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ದಾರಿ ತಲಪಾಡಿಯಲ್ಲಿ ಮುಚ್ಚಿತು. ಹೆದ್ದಾರಿಗೆ ಗೇಟು ಬಿತ್ತು. ಒಳದಾರಿಗಳಲ್ಲಿ ಲಾರಿಗಟ್ಟಲೆ ಮಣ್ಣು ಸುರಿದು ಗುಡ್ಡೆ ಹಾಕಲಾಯಿತು. ಗಡಿಯ ಈಚೆಗಿನ ಹಳ್ಳಿಗಳಿಗೆ ಹೆರಿಗೆಗೂ ಡಯಾಲಿಸಿಸ್‌ಗೂ ಹೃದಯದ ಕಾಯಿಲೆಗೂ ಮಂಗಳೂರೇ ಗತಿ. ಆ ದಿನಗಳಲ್ಲಿ ಗಡಿ ದಾಟಲಾಗದೆ, ಸಕಾಲಕ್ಕೆ ಚಿಕಿತ್ಸೆ ಸಿಗದೆ ಹಲವು ರೋಗಿಗಳು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರವು ಮಾಡಿಸುವಂತೆ ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ತಲಪಾಡಿಯ ಮೂಲಕ ಬಿಡಲು ಒಪ್ಪಂದವಾಗಿದೆ ಎಂದು ಏಪ್ರಿಲ್ 7ರಂದು ಕೇಂದ್ರ ತಿಳಿಸಿದ ಮೇಲೆ ವ್ಯಾಜ್ಯ ಮುಗಿಯಿತು.

ಮಣ್ಣಿನ ಗುಡ್ಡೆ ರೋಗಿಗಳನ್ನು ತಡೆಯಿತು, ವೈರಾಣುವನ್ನು ತಡೆಯಲಿಲ್ಲ. ಅದು ಗಡಿಯ ಎರಡೂ ಬದಿಗೆ ಹರಡಿತು.

ಈ ಹಳೆಯ ಕಥೆಯನ್ನು ಈಗ ಮತ್ತೆ ನೆನೆಯುವುದಕ್ಕೆ ಕಾರಣವಿದೆ. ಭೂಮಿ ಬಿಸಿಯಾಗುತ್ತಿರುವುದು, ಮಳೆ ಹದ ತಪ್ಪುತ್ತಿರುವುದು, ಬಿಸಿಲು ಕೊಲ್ಲುತ್ತಿರುವುದು ಇವೂ ಕೂಡ ಚೆಕ್‌ಪೋಸ್ಟ್ ನೋಡಿ ನಿಲ್ಲುವ ಸಂಗತಿಗಳಲ್ಲ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024 ದಾಖಲೆಯಲ್ಲೇ ಅತಿ ಬಿಸಿಯ ವರ್ಷ. ಕೈಗಾರಿಕೆಗಳು ಬೆಳೆಯುವ ಮುಂಚಿನ ಕಾಲಕ್ಕಿಂತ ಭೂಮಿಯ ಸರಾಸರಿ ತಾಪಮಾನ ಆ ವರ್ಷ ಸುಮಾರು 1.55 ಡಿಗ್ರಿ ಹೆಚ್ಚಿತ್ತು. ಕೊರೊನಾ ಕಾಲದಲ್ಲಿ ಜಗತ್ತು ಕಲಿತದ್ದೇನು, ಕಲಿತು ಮರೆತದ್ದೇನು ಎಂಬುದನ್ನು ನೋಡಿದರೆ ಈ ದೊಡ್ಡ ಸಂಕಟವನ್ನು ಎದುರಿಸುವ ದಾರಿ ಸ್ವಲ್ಪ ಸ್ಪಷ್ಟವಾಗುತ್ತದೆ.

ನಲ್ಲಿಯ ಲೆಕ್ಕ, ತೊಟ್ಟಿಯ ಲೆಕ್ಕ

2020ರ ಏಪ್ರಿಲ್‌ನಲ್ಲಿ ಪಂಜಾಬಿನ ಜಲಂಧರ್ ಜನರಿಗೆ ದೂರದ ಧೌಲಾಧಾರ್ ಪರ್ವತಸಾಲು ಬರಿಗಣ್ಣಿಗೆ ಕಂಡಿತು. ಗಾಳಿ ಅಷ್ಟು ತಿಳಿಯಾಗಿತ್ತು. ವಾಹನ ನಿಂತವು, ಕಾರ್ಖಾನೆ ನಿಂತವು, ವಿಮಾನ ನೆಲಕ್ಕಿಳಿದವು. ಪ್ರಕೃತಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತಿದೆ ಎಂದು ಬಹಳ ಜನ ಸಂತೋಷಪಟ್ಟರು.

ಆದರೆ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿರುವ ಕೇಂದ್ರ ಬೇರೆಯೇ ಸುದ್ದಿ ಕೊಟ್ಟಿತು. 2020ರ ಮೇ ತಿಂಗಳಲ್ಲಿ ಅದರ ಪ್ರಮಾಣ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 417 ಭಾಗಕ್ಕೆ ಏರಿ, ಅಲ್ಲಿಯವರೆಗಿನ ದಾಖಲೆಯಾಯಿತು. ಜಗತ್ತೇ ಬಾಗಿಲು ಹಾಕಿಕೊಂಡು ಕೂತಿದ್ದಾಗ ಇದು ಹೇಗೆ?

ಉತ್ತರ ಮನೆಯ ನೀರಿನ ತೊಟ್ಟಿಯಲ್ಲಿದೆ. ನಲ್ಲಿಯನ್ನು ಸ್ವಲ್ಪ ತಿರುಗಿಸಿ ಹರಿವು ಕಡಿಮೆ ಮಾಡಿದರೆ ತೊಟ್ಟಿಯ ನೀರು ಇಳಿಯುವುದಿಲ್ಲ. ಏರುವ ವೇಗ ಮಾತ್ರ ತುಸು ತಗ್ಗುತ್ತದೆ. 2020ರಲ್ಲಿ ಜಗತ್ತಿನ ಹೊಗೆಯ ನಲ್ಲಿ ಸುಮಾರು ನೂರಕ್ಕೆ ಐದಾರು ಪಾಲು ತಗ್ಗಿತ್ತು, ಅಷ್ಟೇ. 2021ರಲ್ಲಿ ಆ ಇಳಿಕೆಯೂ ಬಹುಮಟ್ಟಿಗೆ ತುಂಬಿಹೋಯಿತು. 2025ರ ಮೇ ತಿಂಗಳಲ್ಲಿ ಮೌನಾ ಲೋವಾದ ಅಳತೆ 430 ದಾಟಿತು.

ಸೋಂಕಿಗೂ ಹವಾಮಾನಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಸೋಂಕು ಹರಡುವುದನ್ನು ಕೆಲವು ವಾರ ತಡೆದರೆ ರೋಗಿಗಳ ಸಂಖ್ಯೆ ಇಳಿಯುತ್ತದೆ. ಆದರೆ ಇಂದು ಚಿಮಣಿಯಿಂದ ಹೋದ ಇಂಗಾಲದ ದೊಡ್ಡ ಪಾಲು ನೂರಾರು ವರ್ಷ ಗಾಳಿಯಲ್ಲಿ ಉಳಿಯುತ್ತದೆ. ಅಜ್ಜನ ಕಾಲದ ಹೊಗೆಯೂ ಮೊಮ್ಮಗನ ಕಾಲಕ್ಕೆ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಇಲ್ಲಿ ನಲ್ಲಿ ತಗ್ಗಿಸಿದರೆ ಸಾಲದು, ಬಹುತೇಕ ಪೂರ್ತಿ ನಿಲ್ಲಿಸಬೇಕು.

ಮನೆಯಲ್ಲಿ ಕೂತರೂ ನಿಲ್ಲದ ಹೊಗೆ

ಇನ್ನೊಂದು ಅಂಕಿ ಇನ್ನೂ ದೊಡ್ಡ ಪಾಠ ಹೇಳುತ್ತದೆ. 2020ರ ಏಪ್ರಿಲ್ ಮೊದಲ ವಾರ ಲಾಕ್‌ಡೌನ್ ಅತಿ ಬಿಗಿಯಾಗಿದ್ದ ದಿನಗಳಲ್ಲಿ ಜಗತ್ತಿನ ಇಂಗಾಲದ ಹೊಗೆ ಹಿಂದಿನ ವರ್ಷದ ಸರಾಸರಿಗಿಂತ ನೂರಕ್ಕೆ 17ರಷ್ಟು ಕಡಿಮೆಯಾಗಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಅಂದರೆ ಕೋಟಿ ಕೋಟಿ ಜನ ಮನೆಯಲ್ಲಿ ಕೂತು, ಬಸ್ಸು, ಕಾರು, ವಿಮಾನ ಬಿಟ್ಟರೂ ನೂರಕ್ಕೆ 83 ಪಾಲು ಹೊಗೆ ಹಾಗೆಯೇ ಹೋಗುತ್ತಿತ್ತು.

ಆ 83 ಪಾಲು ಎಲ್ಲಿಂದ ಬಂತು? ಫ್ಯಾನು, ಫ್ರಿಜ್ಜು, ಆಸ್ಪತ್ರೆಗೆ ಕರೆಂಟು ಕೊಡುವ ಕಲ್ಲಿದ್ದಲು ಸ್ಥಾವರಗಳಿಂದ, ಸಿಮೆಂಟು ಉಕ್ಕಿನ ಕಾರ್ಖಾನೆಗಳಿಂದ, ಸರಕು ಸಾಗಣೆಯಿಂದ. ಜನರು ಸುಮ್ಮನೆ ಕಷ್ಟಪಟ್ಟರೆ ಹವಾಮಾನ ಸರಿಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕಿಲ್ಲ. ಕರೆಂಟು ಬರುವ ಮೂಲವೇ ಬದಲಾಗಬೇಕು. ನಡಿಗೆ, ಸೈಕಲ್ಲು, ಕಡಿಮೆ ಪ್ಲಾಸ್ಟಿಕ್ ಎಲ್ಲ ಒಳ್ಳೆಯದೇ. ಆದರೆ ಬಡವನಿಗೆ "ನೀನು ಕಡಿಮೆ ಬಳಸು" ಎಂದು ಹೇಳಿ ಕೈ ತೊಳೆದುಕೊಂಡರೆ ಅದು ಪರಿಹಾರವಲ್ಲ.

ಬದಲಾವಣೆ ಶುರುವಾಗಿಲ್ಲ ಎಂದಲ್ಲ. 2025ರ ಮಧ್ಯಭಾಗಕ್ಕೆ ಭಾರತದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಸೂರ್ಯ, ಗಾಳಿ, ನೀರು, ಅಣು ಮುಂತಾದ ಕಲ್ಲಿದ್ದಲೇತರ ಮೂಲಗಳದ್ದಾಯಿತು. ಆದರೂ ನಿಜವಾಗಿ ಉತ್ಪಾದನೆಯಾಗುವ ಕರೆಂಟಿನಲ್ಲಿ ಕಲ್ಲಿದ್ದಲಿನದೇ ಸಿಂಹಪಾಲು. ಸಾಮರ್ಥ್ಯ ಬೇರೆ, ದುಡಿಮೆ ಬೇರೆ. ರಾತ್ರಿ ಸೂರ್ಯನಿಲ್ಲ, ಹಗಲಿನ ಕರೆಂಟು ಕೂಡಿಡುವ ಬ್ಯಾಟರಿ ಇನ್ನೂ ಸಾಕಷ್ಟಿಲ್ಲ.

ಮುನ್ನೆಚ್ಚರಿಕೆ ಬಂದರೆ ಸಾಲದು

ಭಾರತದ ಮೊದಲ ಕೊರೊನಾ ಪ್ರಕರಣ ಪತ್ತೆಯಾದದ್ದು 2020ರ ಜನವರಿ 30ರಂದು ಕೇರಳದ ತ್ರಿಶೂರಿನಲ್ಲಿ. ಮೂರನೆಯದು ಕಾಸರಗೋಡು ಜಿಲ್ಲೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಸ್ಥಿತಿ ಘೋಷಿಸಿದ್ದೂ ಅದೇ ಜನವರಿ 30ರಂದು. ಬಹಳಷ್ಟು ದೇಶಗಳು ಎಚ್ಚೆತ್ತದ್ದು ಮಾರ್ಚಿನಲ್ಲಿ. ಸೋಂಕು ಒಂದು ಎರಡಾಗಿ, ಎರಡು ನಾಲ್ಕಾಗಿ ಹರಡುವಾಗ ಒಂದು ವಾರ ತಡವಾದರೂ ಬೆಲೆ ಹಲವು ಪಟ್ಟು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಹವಾಮಾನದಲ್ಲೂ ಇದೇ ಕಥೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮೇಪ್ಪಾಡಿ ಪಂಚಾಯತಿಯ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. 250ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಚಾಮರಾಜನಗರ, ಮಂಡ್ಯ ಜಿಲ್ಲೆ ಮೂಲದವರೂ ಇದ್ದರು. ಹವಾಮಾನ ಬದಲಾವಣೆಯಿಂದಾಗಿ ಆ ದಿನದ ಮಳೆ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚು ಬಿರುಸಾಗಿತ್ತು ಎಂದು ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಅಂದಾಜು ಮಾಡಿತು. ಐದೇ ವರ್ಷದ ಹಿಂದೆ, 2019ರ ಆಗಸ್ಟ್ 8ರಂದು, ಅಲ್ಲಿಗೆ ಹತ್ತಿರದ ಪುತ್ತುಮಲದಲ್ಲೂ ಗುಡ್ಡ ಕುಸಿದಿತ್ತು. ವಯನಾಡಿನಲ್ಲಿ ಊರೂರಿನ ಮಳೆ ಅಳೆಯುವ ಹ್ಯೂಮ್ ಕೇಂದ್ರ ಹಿಂದಿನ ದಿನವೇ ಎಚ್ಚರಿಕೆ ಕಳಿಸಿತ್ತು ಎಂದು ಆಗ ವರದಿಯಾಯಿತು. ಯಾರು ಯಾರಿಗೆ ಯಾವಾಗ ಎಚ್ಚರಿಕೆ ಕೊಟ್ಟರು ಎಂದು ದುರಂತದ ನಂತರ ಕೇಂದ್ರ ಮತ್ತು ರಾಜ್ಯ ವಾದ ಮಾಡಿದವು. ಎಚ್ಚರಿಕೆ ಕಚೇರಿಯಿಂದ ಹೊರಡುವುದು ಒಂದು, ಮಲಗಿದವರನ್ನು ಎಬ್ಬಿಸಿ ಬೇರೆಡೆಗೆ ಕಳಿಸುವುದು ಇನ್ನೊಂದು.

ಸರಿಯಾಗಿ ಮಾಡಿದರೆ ಫಲ ಸಿಗುತ್ತದೆ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. ಬಳಿಕ ಕರಾವಳಿಯುದ್ದ ಆಶ್ರಯ ಕಟ್ಟಡಗಳು ಎದ್ದವು, ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರು ತಯಾರಾದರು, ಪ್ರತಿವರ್ಷ ಅಣಕು ತಾಲೀಮು ನಡೆಯಿತು. 2019ರ ಮೇ ತಿಂಗಳಲ್ಲಿ ಫೋನಿ ಚಂಡಮಾರುತ ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಲಾಯಿತು. ಸತ್ತವರ ಸಂಖ್ಯೆ ನೂರರೊಳಗೆ ನಿಂತಿತು. ಗಾಳಿಯ ಹೊಡೆತ ಕಡಿಮೆಯಿರಲಿಲ್ಲ, ಜನರ ತಯಾರಿ ಹೆಚ್ಚಿತ್ತು.

ಸಾವಿನ ಲೆಕ್ಕ ಸರಿಯಿರಲಿ

ಕೊರೊನಾ ಸಾವಿನ ಲೆಕ್ಕದ ಬಗ್ಗೆ ಜಗತ್ತಿನಾದ್ಯಂತ ಜಗಳವಾಯಿತು. ಭಾರತದ ಅಧಿಕೃತ ಸಂಖ್ಯೆ ಐದು ಲಕ್ಷಕ್ಕಿಂತ ತುಸು ಮೇಲೆ. 2020 ಮತ್ತು 2021ರಲ್ಲಿ ಸಾಮಾನ್ಯಕ್ಕಿಂತ ಹೆಚ್ಚಾಗಿ ಸತ್ತವರು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ಭಾರತ ಸರ್ಕಾರ ಆ ವಿಧಾನವನ್ನು ಒಪ್ಪಲಿಲ್ಲ. ಯಾವ ಸಂಖ್ಯೆ ಸರಿ ಎಂಬ ವಾದ ಏನೇ ಇರಲಿ, ಲೆಕ್ಕಕ್ಕೆ ಬಾರದ ಸಾವಿಗೆ ಪರಿಹಾರವೂ ಇಲ್ಲ, ಮುಂದಿನ ತಯಾರಿಯೂ ಇಲ್ಲ ಎಂಬುದು ನಿಜ.

ಬಿಸಿಲಿನ ಸಾವು ಇನ್ನೂ ಮರೆಯಲ್ಲಿರುತ್ತದೆ. ಬಿಸಿಲಿಗೆ ಕುಸಿದು ಸತ್ತ ಮುದುಕನ ದಾಖಲೆಯಲ್ಲಿ "ಹೃದಯಾಘಾತ" ಎಂದಿರುತ್ತದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ತಾಪಮಾನ 46.8 ಡಿಗ್ರಿಗೆ ಏರಿತ್ತು. ಬಳಿಕ ಸಂಶೋಧಕರು ಆ ತಿಂಗಳ ಎಲ್ಲ ಸಾವುಗಳನ್ನು ಹಿಂದಿನ ಮತ್ತು ಮುಂದಿನ ವರ್ಷದ ಮೇ ತಿಂಗಳಿಗೆ ಹೋಲಿಸಿದಾಗ 1,344 ಸಾವು ಹೆಚ್ಚಾಗಿದ್ದುದು ಗೊತ್ತಾಯಿತು. ಆ ಲೆಕ್ಕವೇ ನಗರಪಾಲಿಕೆಯನ್ನು ಎಬ್ಬಿಸಿತು. 2013ರಲ್ಲಿ ಅಹಮದಾಬಾದ್ ಬಿಸಿಲು ಎದುರಿಸುವ ಕ್ರಿಯಾಯೋಜನೆ ತಂದಿತು. ಮುನ್ಸೂಚನೆ ಬಂದ ಕೂಡಲೇ ಜನರಿಗೆ ಸಂದೇಶ, ಬೀದಿಗಳಲ್ಲಿ ಕುಡಿಯುವ ನೀರು, ಆಸ್ಪತ್ರೆಗಳಲ್ಲಿ ಮಂಜುಗಡ್ಡೆಯ ಚೀಲ, ಕೂಲಿಕಾರರ ಕೆಲಸದ ಹೊತ್ತು ಬದಲಾವಣೆ, ಮಾಳಿಗೆಗೆ ಬಿಳಿ ಸುಣ್ಣ. ದೊಡ್ಡ ಖರ್ಚಿನ ಸಂಗತಿ ಒಂದೂ ಇಲ್ಲ. ನಂತರದ ಅಧ್ಯಯನ ಇದರಿಂದ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಾವು ತಪ್ಪಿದವು ಎಂದಿತು.

ಆಂಧ್ರ, ತೆಲಂಗಾಣದ ಗಡಿಯ ಕನ್ನಡಿಗರಿಗೆ ಇದು ದೂರದ ಮಾತಲ್ಲ. 2015ರ ಮೇ ತಿಂಗಳ ಬಿಸಿಗಾಳಿಯಲ್ಲಿ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಅವರಲ್ಲಿ ಬಹುಪಾಲು ಈ ಎರಡು ರಾಜ್ಯಗಳವರೇ. ಸತ್ತವರಲ್ಲಿ ಬಹಳ ಮಂದಿ ಬಯಲಲ್ಲಿ ದುಡಿಯುವವರು ಮತ್ತು ವಯಸ್ಸಾದವರು.

ಗಡಿಯಲ್ಲಿ ನಿಲ್ಲುವುದು ಕಾಗದ ಮಾತ್ರ

ಮಂಗಳೂರಿನ ಕಡೆ ಸುರಿಯುವ ಮಳೆ ಮಂಜೇಶ್ವರದಲ್ಲೂ ಸುರಿಯುತ್ತದೆ. ಆದರೆ ದಕ್ಷಿಣ ಕನ್ನಡದ ಮುನ್ಸೂಚನೆ ಬೆಂಗಳೂರಿನ ಹವಾಮಾನ ಕೇಂದ್ರದಿಂದ, ಕಾಸರಗೋಡಿನದು ತಿರುವನಂತಪುರದಿಂದ. ಶಾಲೆಗೆ ರಜೆ ಕೊಡುವ ಆದೇಶ ಒಂದೊಂದು ಜಿಲ್ಲೆಯದು ಒಂದೊಂದು. ಗಡಿಯ ಹಳ್ಳಿಯವರು ಎರಡೂ ಕಡೆಯ ಸುದ್ದಿಯನ್ನು ತಾವೇ ಹೊಂದಿಸಿಕೊಳ್ಳಬೇಕು.

ನದಿಯ ವಿಷಯದಲ್ಲಿ ಇದು ಜೀವದ ಪ್ರಶ್ನೆ. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತು, ಕರ್ನೂಲು ನಗರಕ್ಕೆ ನೀರು ನುಗ್ಗಿತು. ಅದೇ ಮಳೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲೂ ನೂರಾರು ಜನರನ್ನು ಬಲಿ ತೆಗೆದುಕೊಂಡಿತ್ತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ, ಕೆಳಗಿನ ಬೆಳಗಾವಿ, ಬಾಗಲಕೋಟೆಯೂ ಮುಳುಗಿದವು. ಆಲಮಟ್ಟಿಯಿಂದ ಎಷ್ಟು ನೀರು ಯಾವಾಗ ಬಿಡಬೇಕೆಂದು ಎರಡು ರಾಜ್ಯಗಳು ವಾದಿಸಿದವು. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿಯೊಡನೆ ಕೂತು ಪ್ರವಾಹ ನಿರ್ವಹಣೆಯ ಬಗ್ಗೆ ಮಾತನಾಡಿದರು. ಮೇಲಿನವರು ಕೆಳಗಿನವರಿಗೆ ಗಂಟೆಗಂಟೆಗೆ ನೀರಿನ ಲೆಕ್ಕ ಹೇಳಿದರೆ ಅರ್ಧ ಅನಾಹುತ ತಪ್ಪುತ್ತದೆ.

ಅದೇ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕಥೆ ತಿರುವುಮುರುವು. ಒಂದು ಕಡೆ ನದಿ ಊರು ಮುಳುಗಿಸುವಾಗ ಇನ್ನೊಂದು ಕಡೆ ಕುಡಿಯಲು ನೀರಿಲ್ಲ. ಅಲ್ಲಿನ ಹಲವು ಕನ್ನಡ ಹಳ್ಳಿಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು 2012ರಲ್ಲಿ ಠರಾವು ಮಾಡಿದ್ದವು. 2022ರ ಕೊನೆಯಲ್ಲಿ ಆ ಮಾತು ಮತ್ತೆ ಎದ್ದಾಗ ಮಹಾರಾಷ್ಟ್ರ ಸರ್ಕಾರ ಮ್ಹೈಸಾಳ ಏತ ನೀರಾವರಿಯನ್ನು ಅಲ್ಲಿಗೆ ವಿಸ್ತರಿಸುವ ಕೆಲಸಕ್ಕೆ ವೇಗ ಕೊಡುವುದಾಗಿ ಹೇಳಿತು. ಭಾಷೆಯ ಜಗಳದಂತೆ ಕಂಡದ್ದರ ಬುಡದಲ್ಲಿ ಇದ್ದದ್ದು ಬರ.

ಇನ್ನು ಭಾಷೆ. ಸೋಂಕಿನ ಕಾಲದಲ್ಲಿ ಆದೇಶ ಅರ್ಥವಾಗದಿದ್ದರೆ ಜನ ಗಾಳಿಸುದ್ದಿಯನ್ನೇ ನಂಬಿದರು. ಕೆಂಪು, ಕಿತ್ತಳೆ, ಹಳದಿ ಎಚ್ಚರಿಕೆಯ ಅರ್ಥ ಮನೆಯ ಅಜ್ಜಿಗೂ ತಿಳಿಯುವ ಭಾಷೆಯಲ್ಲಿ ಬರಬೇಕು. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ತಯಾರಾಗಿರಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ ಎಂದು ಹವಾಮಾನ ಇಲಾಖೆಯ ಲೆಕ್ಕ. ಗಡಿಯ ಜನರಿಗೆ ಎರಡು ಭಾಷೆ ಬರುತ್ತದೆ ನಿಜ. ಆದರೆ ಮಾತು ಬರುವುದು ಬೇರೆ, ನಡುರಾತ್ರಿ ಮೊಬೈಲಿಗೆ ಬಂದ ಸಂದೇಶ ಓದಲು ಬರುವುದು ಬೇರೆ.

ಹಣ ಇಲ್ಲವೆಂಬ ಮಾತು

ಕೊರೊನಾ ಕಾಲದಲ್ಲಿ ಜಗತ್ತಿನ ಸರ್ಕಾರಗಳು ಜನರಿಗೂ ಉದ್ದಿಮೆಗಳಿಗೂ ಆಸರೆಯಾಗಲು ಸುಮಾರು 16 ಲಕ್ಷ ಕೋಟಿ ಡಾಲರಿನ ಕ್ರಮಗಳನ್ನು ಘೋಷಿಸಿದ್ದವು. ಹವಾಮಾನದ ವಿಷಯಕ್ಕೆ ಬಂದರೆ, ಬಡ ದೇಶಗಳಿಗೆ 2020ರಿಂದ ವರ್ಷಕ್ಕೆ 10 ಸಾವಿರ ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಕೊಟ್ಟ ಮಾತು ಈಡೇರಿದ್ದು 2022ರಲ್ಲಿ. ಹಣ ಇರಲಿಲ್ಲವೆಂದಲ್ಲ, ಆತುರ ಇರಲಿಲ್ಲ.

ಲಸಿಕೆಯಲ್ಲೂ ಹಾಗೆಯೇ. ಒಂದು ವರ್ಷದೊಳಗೆ ಲಸಿಕೆ ತಯಾರಾದದ್ದು ವಿಜ್ಞಾನದ ದೊಡ್ಡ ಗೆಲುವು. ಆದರೆ ಸಿರಿವಂತ ದೇಶಗಳು ತಮಗೆ ಬೇಕಾದದ್ದಕ್ಕಿಂತ ಹೆಚ್ಚು ಕಾಯ್ದಿರಿಸಿಕೊಂಡವು. ಲಸಿಕೆಯ ಪೇಟೆಂಟು ಸಡಿಲಿಸಿ ಎಂದು ಭಾರತ, ದಕ್ಷಿಣ ಆಫ್ರಿಕಾ 2020ರ ಅಕ್ಟೋಬರ್‌ನಲ್ಲಿ ಕೇಳಿದರೆ, ಅರೆಬರೆ ಒಪ್ಪಿಗೆ ಸಿಕ್ಕಿದ್ದು 2022ರ ಜೂನ್‌ನಲ್ಲಿ. ಸೌರಫಲಕ, ಬ್ಯಾಟರಿ, ಬರ ತಾಳುವ ಬಿತ್ತನೆಬೀಜ ಇವೂ ಹೀಗೆ ಕೆಲವರ ಕೈಯಲ್ಲೇ ಉಳಿದರೆ ಭೂಮಿಯ ಜ್ವರ ಇಳಿಯದು.

ನ್ಯಾಯದ ಪ್ರಶ್ನೆ ದೇಶದೊಳಗೂ ಇದೆ. ಲಾಕ್‌ಡೌನ್ ಹೇಳಿದ ಮರುದಿನವೇ ಕೂಲಿಕಾರರು ನೂರಾರು ಮೈಲಿ ನಡೆದರು. ಊರಿಗೆ ಬಂದವರನ್ನು ಹಿಡಿದು ನಿಲ್ಲಿಸಿದ್ದು ಆಗ ಜಾರಿಯಲ್ಲಿದ್ದ ಉದ್ಯೋಗ ಖಾತರಿ ಯೋಜನೆ. 2020-21ರಲ್ಲಿ ಅದರಡಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಹವಾಮಾನಕ್ಕಾಗಿ ಕೈಗೊಳ್ಳುವ ಕ್ರಮದಲ್ಲೂ ಪೆಟ್ಟು ಯಾರಿಗೆ ಎಂದು ಮೊದಲೇ ನೋಡಬೇಕು. ಮಡಕಶಿರಾಕ್ಕೆ ಅಂಟಿಕೊಂಡ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಎದ್ದಿದೆ. ಅಲ್ಲಿ ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಬರದಲ್ಲಿ ಬೆಂದ ರೈತನಿಗೆ ಇದು ಆಸರೆಯಾಯಿತು. ಆದರೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಆಡು ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಬಾಡಿಗೆ ಬರಲಿಲ್ಲ, ಕೆಲಸವೂ ಹೋಯಿತು. ಒಳ್ಳೆಯ ಯೋಜನೆಯಲ್ಲೂ ಬಿಟ್ಟುಹೋಗುವವರು ಇರುತ್ತಾರೆ.

ಊರಿನಲ್ಲಿ ಏನು ಮಾಡಬಹುದು?

ಕೊರೊನಾ ಕಾಲದಲ್ಲಿ ಜನರನ್ನು ಉಳಿಸಿದ್ದು ದೊಡ್ಡ ಭಾಷಣಗಳಲ್ಲ. ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರು, ಊಟ ಕೊಟ್ಟ ಕೇರಳದ ಕುಟುಂಬಶ್ರೀ ಹೆಂಗಸರು, ಪಟ್ಟಿ ಹಿಡಿದು ಓಡಾಡಿದ ಪಂಚಾಯತಿ ಸದಸ್ಯರು. ಇದೇ ಜಾಲ ಹವಾಮಾನದ ಕಷ್ಟಕ್ಕೂ ಬೇಕು.

ಗ್ರಾಮಸಭೆಯಲ್ಲಿ ಕೆಲವು ಪ್ರಶ್ನೆ ಕೇಳಬಹುದು. ಊರಿನಲ್ಲಿ ಒಂಟಿಯಾಗಿರುವ ಮುದುಕರು, ಹಾಸಿಗೆ ಹಿಡಿದವರು, ಬಾಣಂತಿಯರು ಎಷ್ಟು ಮಂದಿ, ಅವರ ಪಟ್ಟಿ ಇದೆಯೇ? ಮಳೆ ಹೆಚ್ಚಾದರೆ ಅವರನ್ನು ಯಾವ ಶಾಲೆಗೆ, ಯಾರ ವಾಹನದಲ್ಲಿ ಸಾಗಿಸುವುದು? ಕಡು ಬೇಸಿಗೆಯಲ್ಲಿ ಕೂಲಿ ಕೆಲಸ ಬೆಳಗಿನ ಹೊತ್ತಿಗೆ ಬದಲಾಗುತ್ತದೆಯೇ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್ ಮತ್ತು ಮಂಜುಗಡ್ಡೆ ಇದೆಯೇ? ಗಡಿಯಾಚೆಯ ಪಂಚಾಯತಿಯ ಫೋನ್ ನಂಬರು ಈಚೆಯವರ ಬಳಿ ಇದೆಯೇ? ಪ್ರವಾಹ ಬಂದಾಗ, ಆಂಬುಲೆನ್ಸ್ ಬಂದಾಗ ಗಡಿಯಲ್ಲಿ ತಡೆಯಬಾರದು ಎಂಬ ಲಿಖಿತ ಒಪ್ಪಂದ ಎರಡು ಜಿಲ್ಲೆಗಳ ನಡುವೆ ಇದೆಯೇ? ಇಲ್ಲವಾದರೆ ಕೇಳಲು ಈಗಲೇ ಸಮಯ. ಗುಡ್ಡೆ ಬಿದ್ದ ಮೇಲೆ ಕೋರ್ಟಿಗೆ ಹೋದರೆ ದಾರಿ ತೆರೆಯುತ್ತದೆ, ಹೋದ ಜೀವ ಬರುವುದಿಲ್ಲ.

ತುರ್ತಿನಲ್ಲಿ ಕಟ್ಟಿದ್ದನ್ನು ಉಳಿಸಿಕೊಳ್ಳುವುದೂ ಒಂದು ಪಾಠ. 2020ರಲ್ಲಿ ಕಾಸರಗೋಡಿನ ತೆಕ್ಕಿಲ್‌ನಲ್ಲಿ ಟಾಟಾ ಸಂಸ್ಥೆ ಕೆಲವೇ ತಿಂಗಳಲ್ಲಿ 500ಕ್ಕೂ ಹೆಚ್ಚು ಹಾಸಿಗೆಯ ಕೋವಿಡ್ ಆಸ್ಪತ್ರೆ ಕಟ್ಟಿಕೊಟ್ಟಿತು. ಸೋಂಕು ಇಳಿದ ಮೇಲೆ ಸಿಬ್ಬಂದಿ ಬೇರೆಡೆಗೆ ಹೋದರು, ಆಸ್ಪತ್ರೆ ಕಳೆಗುಂದಿತು. ಮಂಗಳೂರಿನ ದಾರಿ ಮುಚ್ಚಿದ್ದಾಗ ಎಲ್ಲರೂ ಕೇಳಿದ್ದ "ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ" ಎಂಬ ಕೂಗು ದಾರಿ ತೆರೆದ ಮೇಲೆ ತಗ್ಗಿತು.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೊರೊನಾ ತುರ್ತು ಸ್ಥಿತಿ ಮುಗಿಯಿತೆಂದು ಹೇಳಿತು. ಭೂಮಿಯ ಬಿಸಿಗೆ ಅಂಥ ದಿನಾಂಕ ಇಲ್ಲ. ಇದು ಒಂದೆರಡು ವರ್ಷದಲ್ಲಿ ಬಂದು ಹೋಗುವ ಅಲೆಯಲ್ಲ. ಪ್ರತಿ ಬೇಸಿಗೆ, ಪ್ರತಿ ಮಳೆಗಾಲ ಎದುರಾಗುವಂಥದು. ಬೆಂಕಿ ಬಿದ್ದಾಗ ಬಾವಿ ತೋಡುವವರು ಎಂದು ಹಿರಿಯರು ನಕ್ಕದ್ದು ಸುಮ್ಮನೆ ಅಲ್ಲ. ಬಾವಿ ತೋಡಲು ಇನ್ನೂ ಸಮಯವಿದೆ. ಅದನ್ನು ಗಡಿಯ ಎರಡೂ ಕಡೆಯವರು ಕೂಡಿ ತೋಡಿದರೆ ನೀರು ಎರಡೂ ಊರಿಗೆ ಸಿಕ್ಕೀತು.